ಹಳೇ ವ್ಯಾಪಾರಿ ಕಾಗದ ಯಾವ ಊರಿಂದ ಹೊರಟಿತು? ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹಳೇ ಅಂಗಡಿಮನೆಗಳ ಅಟ್ಟದಲ್ಲಿ ಇನ್ನೂ ಕಾಗದದ ಕಟ್ಟುಗಳು ಸಿಗುತ್ತವೆ. ಏಲಕ್ಕಿ, ಮೆಣಸು, ಅಕ್ಕಿ, ಆಮೇಲೆ ಕಾಫಿ ಅಂತ ಘಟ್ಟದ ಮೇಲಿಂದ ಕೆಳಗಿನ ಬಂದರುಗಳಿಗೆ ನಡೆದ ವ್ಯಾಪಾರದ ಪತ್ರಗಳು ಇವು. ಇಂಥದ್ದೊಂದು ಕೈಗೆ ಬಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಮೇಲಿನ ಠಸ್ಸೆ. ತಲಶ್ಶೇರಿ ಅಂತ ಇದ್ದರೆ ‘ಇದು ತಲಶ್ಶೇರಿ ಕಾಗದ’ ಅಂತ ತೀರ್ಮಾನ ಆಗಿಹೋಗುತ್ತದೆ. ಮಾರುವವರೂ ಹಾಗೇ ಲೇಬಲ್ ಅಂಟಿಸಿಬಿಡುತ್ತಾರೆ.

ಕೊಡಗಿನ ಮಟ್ಟಿಗೆ ಈ ತೀರ್ಮಾನ ಬಹಳ ಸಲ ತಪ್ಪು. ಕಾಗದ ಬರೆದ ಊರು ಒಂದು, ಟಪಾಲಿಗೆ ಹಾಕಿದ ಊರು ಇನ್ನೊಂದು, ವ್ಯವಹಾರ ನಡೆದ ಊರು ಮತ್ತೊಂದು ಇರಬಹುದು. ಗಾಡಿಯವನೋ, ಹೇರೆತ್ತಿನವನೋ, ಅಂಗಡಿ ಆಳೋ ಸರಕಿನ ಜೊತೆಗೇ ಕಾಗದವನ್ನೂ ಘಟ್ಟ ಇಳಿಸಿ ಕೆಳಗಿನ ಅಂಚೆ ಕಚೇರಿಯಲ್ಲಿ ಹಾಕಿದರೆ, ಠಸ್ಸೆ ಹೇಳುವುದು ಕೆಳಗಿನ ಊರಿನ ಹೆಸರನ್ನು ಮಾತ್ರ. ಈ ಮೂರು ಊರುಗಳನ್ನು ಬೇರೆ ಬೇರೆ ಮಾಡಿ ಗುರುತಿಸುವುದೇ ಇಲ್ಲಿನ ಕೆಲಸ.

ಮುಟ್ಟುವ ಮೊದಲು

ಜೂನ್‌ನಿಂದ ಸೆಪ್ಟೆಂಬರ್ ತನಕ ಕಟ್ಟು ಬಿಚ್ಚಲೇಬೇಡಿ. ನಮ್ಮ ಮಳೆಗಾಲದ ತೇವದಲ್ಲಿ ಕಾಗದ ಮೆತ್ತಗಾಗಿರುತ್ತದೆ, ಮಡಿಕೆ ಬಿಡಿಸಿದರೆ ಅಲ್ಲೇ ಹರಿಯುತ್ತದೆ. ಬೇಸಿಗೆಯಲ್ಲಿ, ಒಣಗಿದ ಕೈಯಲ್ಲಿ ಬಿಚ್ಚಿ. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ, ಅಂಚೆಚೀಟಿ ಕಿತ್ತು ಆಲ್ಬಮ್‌ಗೆ ಹಾಕುವುದಂತೂ ಬೇಡವೇ ಬೇಡ. ಚೀಟಿ ಕಿತ್ತ ಕಾಗದದ ಕಥೆ ಅರ್ಧಕ್ಕರ್ಧ ಸತ್ತಂತೆ.

ಕಟ್ಟಿನಲ್ಲಿ ಯಾವುದು ಯಾವುದರ ಪಕ್ಕ ಇತ್ತು ಅನ್ನುವುದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಒಂದೇ ದಾರದಲ್ಲಿ ಕಟ್ಟಿದ್ದು ಸಾಮಾನ್ಯವಾಗಿ ಒಂದೇ ವರ್ಷದ್ದೋ ಒಂದೇ ಲೆಕ್ಕದ್ದೋ ಆಗಿರುತ್ತದೆ. ತಾರೀಕು ಇಲ್ಲದ ಕಾಗದಕ್ಕೆ ಪಕ್ಕದ ಕಾಗದವೇ ಸಾಕ್ಷಿ. ನಡುವೆ ಸಣ್ಣ ತೂತು ಇದ್ದರೆ ಗಾಬರಿ ಬೇಡ, ಹುಳ ತಿಂದದ್ದೇ ಆಗಬೇಕಿಲ್ಲ. ಅಂಗಡಿಯಲ್ಲಿ ತಂತಿಗೆ ಚುಚ್ಚಿಟ್ಟ ಗುರುತು ಇರಬಹುದು. ಹಾಗಿದ್ದರೆ ಈ ಕಾಗದ ತಲುಪಬೇಕಾದ ಅಂಗಡಿಗೆ ತಲುಪಿ ಫೈಲ್ ಆಗಿದೆ.

ಮೊದಲು ಕಾಲ, ಆಮೇಲೆ ಊರು

ಕೊಡಗಿನ ಕಾಗದಕ್ಕೆ ಮೂರು ಗಡಿ ವರ್ಷ ನೆನಪಿಟ್ಟುಕೊಳ್ಳಿ: 1834, 1837, 1854.

1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶ ಮಾಡಿಕೊಂಡಿತು. ಅದಕ್ಕೆ ಮೊದಲು ಇದು ಬೇರೆ ರಾಜ್ಯ. ಕಂಪನಿ ಜೊತೆ ನಂಟು ಮಾತ್ರ ಹಳೆಯದು. 1790ರಲ್ಲೇ ದೊಡ್ಡವೀರರಾಜೇಂದ್ರ ತಲಶ್ಶೇರಿ ಕಂಪನಿಯವರ ಜೊತೆ ಒಪ್ಪಂದ ಮಾಡಿಕೊಂಡಿದ್ದ, ಟಿಪ್ಪು ಮೇಲಿನ ಯುದ್ಧದಲ್ಲಿ ಕಂಪನಿ ಕಡೆಯ ಜನರಲ್ ಅಬರ್‌ಕ್ರಾಂಬಿಯ ಸೈನ್ಯ ಕೊಡಗಿನ ಮೇಲೇ ಹಾದುಹೋಯಿತು. ಆದ್ದರಿಂದ 1834ಕ್ಕೆ ಹಿಂದಿನ ಕಾಗದದ ಮೇಲೆ ಕಂಪನಿ ಟಪಾಲಿನ ಗುರುತು ಇದ್ದರೆ ಅದು ತಲಶ್ಶೇರಿ, ಕಣ್ಣೂರು ಅಥವಾ ಮಂಗಳೂರಲ್ಲಿ ಟಪಾಲಿಗೆ ಸೇರಿರುವ ಸಾಧ್ಯತೆಯೇ ಜಾಸ್ತಿ. ಇನ್ನೊಂದು ವಿಷಯ: ಸುಳ್ಯದ ಕಡೆ, ಅಂದರೆ ಅಮರ ಸುಳ್ಯ, 1834ರ ತನಕ ಕೊಡಗಿಗೇ ಸೇರಿತ್ತು, ಆಮೇಲೆ ಕೆನರಾ ಜಿಲ್ಲೆಗೆ ಹೋಯಿತು. ಸುಳ್ಯದ ಹಳೇ ಕಾಗದವನ್ನು ಈಗಿನ ಜಿಲ್ಲೆ ನೋಡಿ ಪಕ್ಕಕ್ಕಿಡಬೇಡಿ.

1837ರ ಅಂಚೆ ಕಾಯಿದೆ ಕಂಪನಿ ಸೀಮೆಯಲ್ಲಿ ಕಾಗದ ಸಾಗಿಸುವ ಹಕ್ಕನ್ನು ಸರ್ಕಾರಕ್ಕೆ ಮಾತ್ರ ಕೊಟ್ಟಿತು. ದರ ನಿಂತಿದ್ದು ತೂಕ ಮತ್ತು ದೂರ ಎರಡರ ಮೇಲೂ. ಎಷ್ಟು ದುಬಾರಿ ಅಂದರೆ ಕಲ್ಕತ್ತಾದಿಂದ ಮುಂಬೈಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ. ಹೀಗಿರುವಾಗ ವ್ಯಾಪಾರಿಗಳು ಕಾಯಿದೆ ಏನೇ ಹೇಳಲಿ, ಸಾಧ್ಯವಾದಷ್ಟು ದೂರ ಕೈಯಿಂದ ಕೈಗೇ ಕಳಿಸುತ್ತಿದ್ದರು ಅಂದರೆ ಆಶ್ಚರ್ಯ ಇಲ್ಲ, ಅಲ್ವಾ?

1854ರ ಅಕ್ಟೋಬರ್ 1ರಿಂದ ಲೆಕ್ಕ ಬದಲಾಯಿತು. ಕಾಲು ತೊಲದ ತನಕ ದೇಶದೊಳಗೆ ಎಲ್ಲಿಗೇ ಆಗಲಿ ಅರ್ಧ ಆಣೆ, ಅರ್ಧ ತೊಲಕ್ಕೆ ಒಂದು ಆಣೆ, ಒಂದು ತೊಲಕ್ಕೆ ಎರಡು ಆಣೆ. ಕಾಲು ತೊಲ ಅಂದರೆ ಸುಮಾರು 2.9 ಗ್ರಾಂ. ಅಂಚೆಚೀಟಿ ಅಂಟಿಸದೆ ಹಾಕಿದರೆ ಪಡೆಯುವವನಿಂದ ಎರಡರಷ್ಟು ವಸೂಲಿ. ಈ ಒಂದು ನಿಯಮವೇ ಎಷ್ಟೋ ಕಾಗದಗಳ ಗಂಟು ಬಿಡಿಸುತ್ತದೆ.

ಕಾಗದದ ಮೈ ಓದುವುದು

ಬೆಳಕಿಗೆ ಹಿಡಿದು ನೋಡಿ. ಇಂಗ್ಲಿಷ್ ಕಾಗದವಾದರೆ ನೀರುಗುರುತಿನಲ್ಲಿ (ವಾಟರ್‌ಮಾರ್ಕ್) ಗಿರಣಿ ಹೆಸರು, ಅದೃಷ್ಟ ಇದ್ದರೆ ಇಸವಿಯೂ ಕಾಣುತ್ತದೆ. 1794ರ ನಂತರ ಇಂಗ್ಲೆಂಡಿನಿಂದ ರಫ್ತಾಗುವ ಕಾಗದದಲ್ಲಿ ಇಸವಿ ಹಾಕಿದರೆ ಸುಂಕ ವಾಪಸ್ ಸಿಗುತ್ತಿತ್ತು, ಅದಕ್ಕೇ ಹಾಕುತ್ತಿದ್ದರು. ನೀರುಗುರುತಲ್ಲಿ 1847 ಇದ್ದರೆ ಪತ್ರ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಮುಂದಿನದಾಗಿರಬಹುದು, ಕಾಗದ ಹಡಗಲ್ಲಿ ಬಂದು ಅಂಗಡಿಯಲ್ಲಿ ಕೂತು ಖರ್ಚಾಗುವ ಹೊತ್ತಿಗೆ ಒಂದೆರಡು ವರ್ಷ ಕಳೆಯುತ್ತಿತ್ತು.

ಲಕೋಟೆ ಇಲ್ಲದೆ ಕಾಗದವನ್ನೇ ಮಡಚಿ ಅರಗಿನ ಮುದ್ರೆ ಒತ್ತಿದ್ದರೆ ಹಳೆಯದು ಅನ್ನುವ ಸೂಚನೆ, ಆದರೆ ಪುರಾವೆ ಅಲ್ಲ. ನಮ್ಮ ವ್ಯಾಪಾರಿಗಳು ಲಕೋಟೆ ಬಂದ ಮೇಲೂ ಬಹಳ ಕಾಲ ಹಾಗೇ ಮಡಚಿದರು. ಅರಗಿನ ಮುದ್ರೆ ಒಡೆದಿದ್ದರೂ ಚೂರುಗಳನ್ನು ಬಿಸಾಡಬೇಡಿ. ಅಂಗಡಿಯ ಗುರುತು ಅದರಲ್ಲೇ ಇರಬಹುದು.

ತಾರೀಕು: ಇಲ್ಲಿ ನಿಧಾನ ಮಾಡಿ

ಕೊಡಗಿನ ವ್ಯಾಪಾರ ಅಂದರೆ ಬಹುಭಾಷೆ. ಕನ್ನಡದವರು ಸಂವತ್ಸರ ಹಾಕುತ್ತಾರೆ, ಮಾಪಿಳ್ಳೆ ವ್ಯಾಪಾರಿಗಳ ಕಾಗದದಲ್ಲಿ ಕೊಲ್ಲಂ ವರ್ಷವೋ ಹಿಜ್ರಿಯೋ ಇರುತ್ತದೆ, ಗುಜರಾತಿ ಸೇಟುಗಳದ್ದಾದರೆ ವಿಕ್ರಮ ಸಂವತ್. ಒಂದೇ ಕಾಗದದ ಮೇಲೆ ಬರೆದವನದೊಂದು ತಾರೀಕು, ಪಡೆದವನದೊಂದು ತಾರೀಕು ಇರುವುದೂ ಉಂಟು. ಹಾಗಿದ್ದರೆ ನಿಮ್ಮ ಪುಣ್ಯ, ಎರಡನ್ನೂ ತಾಳೆ ನೋಡಬಹುದು.

ಇಂಗ್ಲಿಷ್ ಇಸವಿಗೆ ತರುವ ಲೆಕ್ಕ ಹೀಗೆ. ಶಾಲಿವಾಹನ ಶಕಕ್ಕೆ 78 ಕೂಡಿಸಿ, ಜನವರಿಯಿಂದ ಯುಗಾದಿ ತನಕ 79. ಕೊಲ್ಲಂ ವರ್ಷಕ್ಕೆ ಆಗಸ್ಟ್ ನಡುವಿನಿಂದ ಡಿಸೆಂಬರ್ ತನಕ 824, ಮುಂದಿನ ಆಗಸ್ಟ್ ತನಕ 825. ಗುಜರಾತಿ ಸಂವತ್‌ನಿಂದ ದೀಪಾವಳಿಯ ನಂತರದ ತಿಂಗಳುಗಳಿಗೆ 57 ಕಳೆಯಿರಿ, ಜನವರಿಯಿಂದ ಮುಂದಕ್ಕೆ 56. ಕಲಿವರ್ಷ ಹಾಕಿದ್ದರೆ 3101 ಕಳೆದರೆ ಹತ್ತಿರ ಬರುತ್ತೀರಿ.

ಬರೀ ಸಂವತ್ಸರದ ಹೆಸರಿದ್ದರೆ ತೊಡಕು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಆನಂದ ಸಂವತ್ಸರ 1794ರಲ್ಲೂ ಇದೆ, 1854ರಲ್ಲೂ ಇದೆ, 1914ರಲ್ಲೂ ಇದೆ. ಮೂರರಲ್ಲಿ ಯಾವುದು ಅಂತ ಹೇಳುವುದು ದರ, ಠಸ್ಸೆ ಮತ್ತು ಕಾಗದ. ಇದಕ್ಕೇ ಅಂಚೆಯ ಇತಿಹಾಸ ಬೇಕಾಗುವುದು. ಕೊಡಗು ಕಂಪನಿ ಕೈಗೆ ಹೋದದ್ದು ಜಯ ಸಂವತ್ಸರದಲ್ಲಿ, ಶಕ 1756. ಇಂಥ ಒಂದೆರಡು ಮೊಳೆ ಹೊಡೆದಿಟ್ಟುಕೊಂಡರೆ ಉಳಿದದ್ದನ್ನು ಎಣಿಸುವುದು ಸುಲಭ.

ಠಸ್ಸೆ, ಚೀಟಿ, ಕೈಬರಹ

ಅಂಚೆಚೀಟಿ ಬರುವ ಮೊದಲಿನ ಠಸ್ಸೆಗಳಲ್ಲಿ ಊರ ಹೆಸರಿನ ಜೊತೆ ಹಣ ಕೊಟ್ಟಾಗಿದೆ ಅಂತಲೋ, ‘ಬೇರಿಂಗ್’ (ಹಣ ಪಡೆಯುವವನೇ ಕೊಡಬೇಕು) ಅಂತಲೋ ಇರುತ್ತದೆ. ಸಾಮಾನ್ಯವಾಗಿ ಕೊಟ್ಟದ್ದಕ್ಕೆ ಕೆಂಪು ಶಾಯಿ, ಬೇರಿಂಗ್‌ಗೆ ಕಪ್ಪು. ಊರ ಹೆಸರನ್ನು ಇಂಗ್ಲಿಷಿನವರ ಕಿವಿಯಲ್ಲಿ ಓದಬೇಕು: ಮಡಿಕೇರಿ ಅಲ್ಲ, ಮರ್ಕೇರಾ. ಕುಶಾಲನಗರ ಅಲ್ಲ, ಫ್ರೇಸರ್‌ಪೇಟ್. ಕೆಳಗೆ ಟೆಲಿಚೆರಿ, ಕ್ಯಾನನೋರ್. ಕಾಗುಣಿತ ಕಾಲಕಾಲಕ್ಕೆ ಬದಲಾಗಿದೆ, ಆದ್ದರಿಂದ ಅಕ್ಷರಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. ಸುಮ್ನೆ ಈಗಿನ ಹೆಸರಿಗೆ ತಿದ್ದಬೇಡಿ.

1854ರ ಅರ್ಧ ಆಣೆ ನೀಲಿ ಚೀಟಿ ಕಲ್ಕತ್ತಾದಲ್ಲಿ ಕಲ್ಲಚ್ಚಿನಲ್ಲಿ ಆದದ್ದು. ತೂತಿನ ಅಂಚಿಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು. ಆಮೇಲೆ ಲಂಡನ್ನಿನ ಡಿ ಲಾ ರೂ ಅಚ್ಚಿನವು ಬಂದವು, ಅವುಗಳ ಮೇಲೆ ‘ಈಸ್ಟ್ ಇಂಡಿಯಾ’ ಅಂತ ಇದೆ. ಇದನ್ನು ನೋಡಿ ‘ಹಾಗಾದರೆ ಕಂಪನಿ ಕಾಲದ್ದು, 1858ಕ್ಕೆ ಮೊದಲಿನದು’ ಅಂತ ಹೇಳುವವರು ಬಹಳ. ಅದು ತಪ್ಪು. ಕಂಪನಿ ಹೋದ ಮೇಲೂ ಆ ಹೆಸರು ಚೀಟಿ ಮೇಲೆ ಉಳಿಯಿತು, 1882ರಲ್ಲಿ ‘ಇಂಡಿಯಾ ಪೋಸ್ಟೇಜ್’ ಅಂತ ಬದಲಾಯಿತು.

ಮದ್ರಾಸ್ ಸರ್ಕಲ್‌ನಲ್ಲಿ, ಅಂದರೆ ಮದ್ರಾಸ್ ಅಂಚೆ ವಲಯದಲ್ಲಿ, ಚೀಟಿ ಮೇಲೆ ಹೊಡೆಯುವ ಮುದ್ರೆಗೆ ನಂಬರು ಇರುತ್ತಿತ್ತು, ಕಚೇರಿಗೊಂದು ನಂಬರು. ಮುಂದೆ ಹಂಚಿಕೆ ಬದಲಾದಾಗ ಅದೇ ನಂಬರು ಬೇರೆ ಊರಿಗೆ ಹೋದದ್ದುಂಟು. ಆದ್ದರಿಂದ ನಂಬರು ಪಟ್ಟಿ ನೋಡುವಾಗ ಆ ಪಟ್ಟಿ ಯಾವ ವರ್ಷದ್ದು ಅಂತ ಮೊದಲು ನೋಡಿ. ಊರು ಮತ್ತು ತಾರೀಕಿನ ಠಸ್ಸೆ ಹಲವು ಸಲ ಹಿಂಬದಿಯಲ್ಲಿರುತ್ತದೆ. ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ತೃಪ್ತಿಪಟ್ಟುಕೊಳ್ಳುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ಇನ್ನು ಮೈಸೂರು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ ಅಂಚೆ 1889ರ ತನಕ ಬೇರೆಯಾಗಿಯೇ ನಡೆದು ಆಮೇಲೆ ಬ್ರಿಟಿಷ್ ಅಂಚೆಯಲ್ಲಿ ಸೇರಿತು. ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಕೊಡಗಿಗೆ ಬಂದ ಕಾಗದದಲ್ಲಿ ಎರಡು ವ್ಯವಸ್ಥೆಯ ಗುರುತುಗಳು ಸಿಕ್ಕರೆ ಅದು ದೋಷವಲ್ಲ, ಗಡಿ ದಾಟಿದ ಸಾಕ್ಷಿ.

ದಾರಿ ಕಟ್ಟುವುದು

ಒಂದು ಹಾಳೆಯಲ್ಲಿ ಎಲ್ಲ ಠಸ್ಸೆಗಳನ್ನು ತಾರೀಕಿನ ಸಾಲಿನಲ್ಲಿ ಬರೆಯಿರಿ. ಆಮೇಲೆ ದಾರಿ ಹಾಕಿ. ಕೊಡಗಿನಿಂದ ಕೆಳಗಿಳಿಯುವ ಮುಖ್ಯ ದಾರಿಗಳು ಎಲ್ಲರಿಗೂ ಗೊತ್ತಿರುವವೇ: ಮಡಿಕೇರಿಯಿಂದ ಸಂಪಾಜೆ ಘಟ್ಟ ಇಳಿದು ಸುಳ್ಯ, ಪುತ್ತೂರು, ಮಂಗಳೂರು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಇಳಿದು ಇರಿಟ್ಟಿ ಮೇಲೆ ಕಣ್ಣೂರು ಅಥವಾ ತಲಶ್ಶೇರಿ. ಮೂಡಲಿಗೆ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರು.

ಓಟದ ಅಂಚೆಯವನ ಕಾಲದಲ್ಲಿ ಮಳೆ ಅಂದರೆ ಮಳೆಯೇ. ಜುಲೈನಲ್ಲಿ ಘಟ್ಟ ಇಳಿಯುವುದು, ಹೊಳೆ ದಾಟುವುದು ಎರಡೂ ಕಷ್ಟ, ಪಡುವಣ ಕರಾವಳಿಯ ಹಡಗು ಸಂಚಾರವೂ ಆ ಹೊತ್ತಿಗೆ ನಿಲ್ಲುತ್ತಿತ್ತು. ಬರೆದ ದಿನಕ್ಕೂ ಮೊದಲ ಠಸ್ಸೆಗೂ ಹತ್ತು ದಿನದ ಅಂತರ ಇದ್ದರೆ, ಅದು ಜನವರಿಯಾದರೆ ಒಂದು ಅರ್ಥ, ಜುಲೈ ಆದರೆ ಇನ್ನೊಂದು. ಬೇಸಿಗೆಯಲ್ಲಿ ದೊಡ್ಡ ಅಂತರ ಕಂಡರೆ ಕಾಗದ ಗಾಡಿಯಲ್ಲಿ ಇಳಿದಿರಬಹುದು ಅಂತ ಅನುಮಾನಿಸಿ.

ರೈಲು ಕೊಡಗಿಗೆ ಇವತ್ತಿಗೂ ಬಂದಿಲ್ಲ. ಆದರೆ ಸುತ್ತ ಬಂತು: ಮದ್ರಾಸಿನಿಂದ ಕೋಳಿಕ್ಕೋಡಿನ ಹತ್ತಿರದ ಬೇಪೂರಿಗೆ 1862ರ ಹೊತ್ತಿಗೆ, ಮೈಸೂರಿಗೆ 1882ರ ಹೊತ್ತಿಗೆ, ಮಂಗಳೂರಿಗೆ 1907ರಲ್ಲಿ. ಪ್ರತಿ ಸಲವೂ ಕೊಡಗಿನ ಟಪಾಲಿಗೆ ಬೇರೆ ದಿಕ್ಕಿನ ದಾರಿಯೊಂದು ಹತ್ತಿರವಾಗುತ್ತಿತ್ತು. ಒಂದೇ ಅಂಗಡಿಯ ಕಾಗದಗಳು ಒಂದು ವರ್ಷ ಪಡುವಣಕ್ಕೆ, ಮುಂದಿನ ವರ್ಷ ಮೂಡಲಿಗೆ ಹೊರಟರೆ ವ್ಯಾಪಾರ ಬದಲಾಯಿತು ಅನ್ನುವ ಮೊದಲು ರೈಲಿನ ಇಸವಿ ನೋಡಿ.

ವಿಲಾಯಿತಿಗೆ ಹೋದ ಕಾಫಿ ಕಾಗದಗಳದ್ದು ಬೇರೆ ಲೆಕ್ಕ. ಮೇಲೆ ಕೈಬರಹದಲ್ಲಿ ‘ವಯಾ ಸೌತಾಂಪ್ಟನ್’ ಅಥವಾ ‘ವಯಾ ಮಾರ್ಸೇಲ್ಸ್’ ಇರುತ್ತದೆ. ಮೊದಲನೆಯದು ಅಗ್ಗ, ಎರಡನೆಯದು ಬೇಗ. ಬೆಲೆ ಏರಿಳಿತದ ಸುದ್ದಿಗೆ ಮಾರ್ಸೇಲ್ಸ್ ದಾರಿ, ಲೆಕ್ಕಪತ್ರಕ್ಕೆ ಸೌತಾಂಪ್ಟನ್, ಅಂತ ಎಣಿಸಿ ಓದಿದರೆ ಬಹಳ ಸಲ ಸರಿಹೋಗುತ್ತದೆ. 1876ರ ಜುಲೈನಲ್ಲಿ ಭಾರತ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟ ಸೇರಿದ ಮೇಲೆ ವಿದೇಶಿ ದರಗಳು ಸರಳವಾದವು.

ಒಳಗಿನ ಮಾತು

ಈಗ ಓದಿ. ಮೊದಲೇ ಓದಿದರೆ ಕಥೆ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಠಸ್ಸೆಯನ್ನು ಕಥೆಗೆ ಹೊಂದಿಸುತ್ತಾ ಹೋಗುತ್ತೀರಿ. ಅದಕ್ಕೇ ಒಕ್ಕಣೆಯನ್ನು ಕೊನೆಗೆ ಇಟ್ಟದ್ದು.

‘ಉಭಯ ಕುಶಲೋಪರಿ’ಯಂಥ ಸಾಲು ಎಲ್ಲ ಕಡೆ ಒಂದೇ, ಅದರಿಂದ ಏನೂ ಸಿಗುವುದಿಲ್ಲ. ಹುಡುಕಬೇಕಾದದ್ದು ಅಳತೆ, ಅಧಿಕಾರಿ, ನಾಡು. ಭತ್ತವನ್ನು ಬಟ್ಟಿಯಲ್ಲಿ ಲೆಕ್ಕ ಹಾಕಿದ್ದರೆ ಬರೆದವನು ಕೊಡಗಿನ ಲೆಕ್ಕದಲ್ಲಿ ಯೋಚಿಸುತ್ತಿದ್ದಾನೆ. ಸುಬೇದಾರ, ಪಾರುಪತ್ಯಗಾರ ಅಂತ ಬಂದರೆ ಕೊಡಗಿನ ಆಡಳಿತದ ಮಾತು. ವಿಳಾಸದಲ್ಲಿ ಯಡೆನಾಲ್ಕುನಾಡು ಅಂದರೆ ವಿರಾಜಪೇಟೆ ಸೀಮೆ, ಪಡಿನಾಲ್ಕುನಾಡು ಅಂದರೆ ನಾಪೋಕ್ಲು ಕಡೆ, ಕಿಗ್ಗಟ್ಟುನಾಡು ಅಂದರೆ ತೆಂಕಣ ಭಾಗ, ಏಳುಸಾವಿರ ಸೀಮೆ ಅಂದರೆ ಬಡಗಣ ತುದಿ. ಈ ಹೆಸರುಗಳನ್ನು ಹೊರಗಿನವರು ಬಳಸುವುದು ಕಡಿಮೆ.

ಸರಕು ಕೂಡ ಕಾಲ ಹೇಳುತ್ತದೆ. ಕಾಫಿ ಹಿತ್ತಲಲ್ಲಿ ಮೊದಲೇ ಇತ್ತು, ಆದರೆ ಫೌಲರ್ ಅನ್ನುವ ದೊರೆ ಮಡಿಕೇರಿ ಹತ್ತಿರ ಯುರೋಪಿಯನ್ನರ ಮೊದಲ ತೋಟ ಮಾಡಿದ್ದು 1854ರಲ್ಲಿ. ಕಾಂಡಕೊರಕದ ಗೋಳು ಜೋರಾಗಿ ಕೇಳಿಸಿದರೆ 1860ರ ದಶಕದ ಕೊನೆಯ ಕಡೆ ನೋಡಿ. ಏಲಕ್ಕಿ ಮಾತ್ರ ಎಲ್ಲ ಕಾಲದಲ್ಲೂ ಇದೆ, ಆದ್ದರಿಂದ ಅದೊಂದರಿಂದ ಕಾಲ ಹೇಳಲಾಗದು.

ಹಳೇ ಮೋಡಿ ಕೈಬರಹ (ಅಕ್ಷರ ಕೂಡಿಸಿ ವೇಗವಾಗಿ ಬರೆದದ್ದು) ಓದಲು ಆಗದಿದ್ದರೆ ನಾಚಿಕೆ ಬೇಡ. ಶ್ಯಾನುಭೋಗರ ಮನೆತನದ ಹಿರಿಯರು ಇನ್ನೂ ಕೆಲವರು ಸರಾಗ ಓದುತ್ತಾರೆ. ಕಾಗದ ಕೊಡಬೇಡಿ, ಫೋಟೋ ದೊಡ್ಡದು ಮಾಡಿಸಿ ಕೊಂಡುಹೋಗಿ.

ಒಂದು ಕಾಗದ ಬಿಡಿಸಿ ನೋಡೋಣ

ಇದು ನಾನು ಕಲ್ಪಿಸಿದ ಕಾಗದ, ಲೆಕ್ಕ ತೋರಿಸಲಿಕ್ಕೆ. ಮಡಚಿದ ಹಾಳೆ, ಕನ್ನಡ ಬರಹ, ಮದ್ರಾಸಿನ ಒಂದು ಅಂಗಡಿಗೆ ವಿಳಾಸ. ಕತ್ತರಿಸಿದ ಅಂಚಿನ ನೀಲಿ ಅರ್ಧ ಆಣೆ ಚೀಟಿ. ಹಿಂದೆ ತಲಶ್ಶೇರಿ ಠಸ್ಸೆ, ನವೆಂಬರ್ 6. ಮದ್ರಾಸಿಗೆ ತಲುಪಿದ್ದು ನವೆಂಬರ್ 14. ಎರಡರಲ್ಲೂ ಇಸವಿ ಮಸುಕು. ಒಳಗೆ ‘ಆನಂದ ಸಂವತ್ಸರ ಕಾರ್ತಿಕ ಶುದ್ಧ 10’, ಬರೆದ ಊರಿಲ್ಲ. ಮೂಲೆಯಲ್ಲಿ ಬೇರೆ ಕೈಯಲ್ಲಿ ಮಲಯಾಳದಲ್ಲಿ ‘1030 ತುಲಾಂ’. ಮಾತು ಏಲಕ್ಕಿಯದ್ದು, ಭತ್ತದ ಬಾಕಿ ಬಟ್ಟಿ ಲೆಕ್ಕದಲ್ಲಿ.

ಚೀಟಿ ಇದೆ, ಆದ್ದರಿಂದ 1794 ಹೋಯಿತು. ಕತ್ತರಿ ಅಂಚಿನ ನೀಲಿ ಕಲ್ಲಚ್ಚು, ಆದ್ದರಿಂದ 1914 ಕೂಡ ಹೋಯಿತು. ಉಳಿದದ್ದು 1854. ಆ ವರ್ಷ ಕಾರ್ತಿಕ ಶುದ್ಧ ದಶಮಿ ಅಕ್ಟೋಬರ್ 31ರ ಆಸುಪಾಸು. ಕೊಲ್ಲಂ 1030ರ ತುಲಾಂ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ತನಕ. ಎರಡೂ ಕೂಡಿಬಂದವು. ಹೊಸ ದರ ಬಂದು ಒಂದು ತಿಂಗಳು ಆಗಿದೆಯಷ್ಟೆ, ಅರ್ಧ ಆಣೆ ಮದ್ರಾಸಿಗೂ ಸಾಕು, ಕಾಗದವೂ ಕಾಲು ತೊಲದೊಳಗೆ ಇದೆ.

ಈಗ ಊರು. ಬರೆದದ್ದಕ್ಕೂ ಠಸ್ಸೆಗೂ ಆರು ದಿನದ ಅಂತರ, ಮಳೆಗಾಲ ಮುಗಿದಿದೆ. ತಲಶ್ಶೇರಿಯಲ್ಲೇ ಕೂತು ಬರೆದವನು ಆರು ದಿನ ಯಾಕೆ ಕಾಯುತ್ತಾನೆ? ಬಟ್ಟಿ ಲೆಕ್ಕ ಘಟ್ಟದ ಮೇಲಿನದು. ಮಲಯಾಳದ ಟಿಪ್ಪಣಿ ತಲಶ್ಶೇರಿಯ ಮಂಡಿಯಲ್ಲಿ ಯಾರೋ ಪಡೆದು ಟಪಾಲಿಗೆ ಹಾಕಿದಾಗ ಬರೆದದ್ದಿರಬೇಕು. ಮಾಕುಟ್ಟದ ದಾರಿ ಇಳಿದು ಬಂದಿದ್ದರೆ ವಿರಾಜಪೇಟೆ ಕಡೆಯದು. ಆದರೆ ‘ವಿರಾಜಪೇಟೆ’ ಅಂತ ಬರೆಯಬೇಡಿ. ‘ಕೊಡಗು, ಬಹುಶಃ ವಿರಾಜಪೇಟೆ ಸೀಮೆ’ ಅಂತ ಬರೆಯಿರಿ. ಸಾಕ್ಷಿ ಅಷ್ಟೇ ಹೇಳುತ್ತದೆ. ಅದೇ ಕಟ್ಟಿನ ಇನ್ನೊಂದು ಕಾಗದದಲ್ಲಿ ಅದೇ ಕೈಬರಹದ ಜೊತೆ ಊರ ಹೆಸರು ಸಿಕ್ಕರೆ ಆಗ ‘ಬಹುಶಃ’ ತೆಗೆಯಬಹುದು.

ಎಲ್ಲಿ ತಾಳೆ ನೋಡುವುದು

ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಚೆನ್ನೈನ ತಮಿಳುನಾಡು ಪತ್ರಾಗಾರ, ಮಲಬಾರ್ ಕಡೆಗೆ ಕೋಳಿಕ್ಕೋಡಿನ ಪ್ರಾದೇಶಿಕ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಅಲ್ಲಿ ‘ಮಡಿಕೇರಿ’ ಹಾಕಿದರೆ ಏನೂ ಸಿಗದು, ಇಂಗ್ಲಿಷ್ ಕಾಗುಣಿತದ ಕೂರ್ಗ್, ಮರ್ಕೇರಾ ಹಾಕಿ. ಹಳೇ ಮದ್ರಾಸ್ ಆಲ್ಮನಾಕ್‌ಗಳು, ಥ್ಯಾಕರ್ ಡೈರೆಕ್ಟರಿಗಳು ಬಹಳ ಉಪಯೋಗ. ತೋಟದ ದೊರೆಗಳ, ಕಂಪನಿಗಳ ಹೆಸರು ವರ್ಷವಾರು ಸಿಗುತ್ತವೆ. 1870ರ ರಿಕ್ಟರ್ ಪಾದ್ರಿಯ ಕೊಡಗು ಕೈಪಿಡಿ, ಲೂಯಿ ರೈಸ್‌ನ ಗೆಜೆಟಿಯರ್ ಎರಡೂ ನಾಡುಗಳ ಹೆಸರಿಗೆ, ರಸ್ತೆಗಳಿಗೆ ಒಳ್ಳೆಯವು. ಠಸ್ಸೆಯ ಗುರುತಿಗೆ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಂಥ ಅಂಚೆಚೀಟಿ ಸಂಗ್ರಾಹಕರ ಸಂಘದವರನ್ನು ಕೇಳಿ. ಒಳ್ಳೆ ಫೋಟೋ ಕಳಿಸಿದರೆ ಉತ್ಸಾಹದಿಂದಲೇ ಹೇಳುವ ಜನ.

ಕೊಳ್ಳುವಾಗ, ಇಟ್ಟುಕೊಳ್ಳುವಾಗ

ಚೀಟಿಯಿಲ್ಲದ ಅಗ್ಗದ ಕಾಗದಕ್ಕೆ ಹಳೇ ಚೀಟಿ ಅಂಟಿಸಿ ಮಾರುವುದು ಹಳೇ ಚಾಳಿ. ಮುದ್ರೆ ಚೀಟಿಯಿಂದ ಕಾಗದದ ಮೇಲೂ ಹರಿದಿರಬೇಕು, ಎರಡೂ ಕಡೆಯ ಶಾಯಿ ಒಂದೇ ಬಣ್ಣ ಇರಬೇಕು. ಯುವಿ ದೀಪದಲ್ಲಿ ಹೊಸ ಅಂಟು ಬೇರೆಯಾಗಿ ಹೊಳೆಯುತ್ತದೆ. ದರ ತಾಳೆಯಾಗದಿದ್ದರೆ, ಉದಾಹರಣೆಗೆ ಒಂದು ತೊಲ ತೂಗುವ ಕಾಗದಕ್ಕೆ ಅರ್ಧ ಆಣೆ ಚೀಟಿ ಇದ್ದು ಬಾಕಿ ವಸೂಲಿ ಗುರುತೇ ಇಲ್ಲದಿದ್ದರೆ, ದುಡ್ಡು ಜೇಬಿನಲ್ಲೇ ಇರಲಿ.

ಕಾನೂನು ಕೂಡ ಇದೆ. 1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದ್ದರೆ ಅದು ಪುರಾತನ ವಸ್ತು. ಅಂಥದ್ದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಹೊರದೇಶದವರು ಆನ್‌ಲೈನಿನಲ್ಲಿ ಒಳ್ಳೆ ಬೆಲೆ ಹೇಳಿದರೂ ಕೊರಿಯರ್‌ಗೆ ಹಾಕುವ ಮೊದಲು ಇದನ್ನು ವಿಚಾರಿಸಿಕೊಳ್ಳಿ. ಸರ್ಕಾರಿ ಕಚೇರಿಯ ಕಡತದಿಂದ ಕಿತ್ತದ್ದು ಅಂತ ಕಂಡರೆ ಕೊಳ್ಳಲೇಬೇಡಿ.

ಮನೆಯಲ್ಲಿ ಇಡುವುದಕ್ಕೆ ಆಮ್ಲರಹಿತ ಕಾಗದದ ಲಕೋಟೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಜೆಲ್ ಬದಲಾವಣೆ. ಲಕೋಟೆ ಮೇಲೆ ಪೆನ್ಸಿಲ್‌ನಲ್ಲಿ ಮೂರು ಸಾಲು: ಬರೆದ ಊರು, ಟಪಾಲಿಗೆ ಹಾಕಿದ ಊರು, ತಲುಪಿದ ಊರು. ಪ್ರತಿಯೊಂದರ ಮುಂದೆ ಅದು ಠಸ್ಸೆಯಿಂದ ಗೊತ್ತಾದದ್ದೋ, ಒಕ್ಕಣೆಯಿಂದಲೋ, ಬರೀ ಊಹೆಯೋ ಅಂತ ಒಂದು ಪದ.